ಸೀಟು ಇದೆ, ರಸೀದಿ ಇಲ್ಲ

ಸಿಇಟಿ ರ‍್ಯಾಂಕು ನೆಂಟರಿಷ್ಟರಿಗೆ ಗೊತ್ತಾಗುವ ಮೊದಲೇ ಅಡ್ಮಿಷನ್ ಏಜೆಂಟಿಗೆ ಗೊತ್ತಾಗಿರುತ್ತದೆ. 'ಸರ್, ಕಂಪ್ಯೂಟರ್ ಸೈನ್ಸ್ ಎರಡೇ ಸೀಟು ಉಳಿದಿದೆ' ಎನ್ನುವಾಗ ದನಿಯಲ್ಲಿ ಸೈಟು ಮಾರುವವರ ಕಳಕಳಿ. ತಲೆಗಿಷ್ಟು ಎಂದು ಕಾಲೇಜು ಕಮಿಷನ್ ಕೊಡುತ್ತದೆ. ಹಾಗಾಗಿ ನಿಮ್ಮ ಮಗಳ ಒಲವು ಯಾವ ಕಾಲೇಜಿನ ಕಡೆಗಿದೆ ಎಂಬುದು ಅವಳಿಗಿಂತ ಚೆನ್ನಾಗಿ ಆತನಿಗೇ ಗೊತ್ತು.

ಕರ್ನಾಟಕದಲ್ಲಿ ಡೊನೇಷನ್ ಇಲ್ಲ. 1984ರಲ್ಲೇ ಕ್ಯಾಪಿಟೇಷನ್ ನಿಷೇಧಿಸಿ ಕಾಯ್ದೆ ತಂದವರು ನಾವು. ಅದಾಗಿ ಐದು ವರ್ಷಕ್ಕೆ ಸರ್ಕಾರವೇ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ದರಪಟ್ಟಿ ಬರೆದುಕೊಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರಗಿನವರಿಗೆ 60,000. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕೋರ್ಟಿಗೆ ಹೋದರು. ಇದೂ ಕ್ಯಾಪಿಟೇಷನ್ನೇ ಎಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಡಳಿತ ಮಂಡಳಿಗಳು ಕಾನೂನಿಗೆ ತಲೆಬಾಗಿದವು, ರಸೀದಿ ಕೊಡುವುದನ್ನು ನಿಲ್ಲಿಸಿದವು.

ಈಗ ಚೇರ್ಮನ್ನರ ಕೋಣೆಯಲ್ಲಿ ಮೊತ್ತವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ನಿಮ್ಮ ಕಡೆ ತಿರುಗಿಸುತ್ತಾರೆ. ನೀವು ಸೊನ್ನೆ ಎಣಿಸಿ ಮುಗಿಸುವಷ್ಟರಲ್ಲಿ ಅಳಿಸುತ್ತಾರೆ. ಗೋಡೆಯ ಮೇಲೆ ಸರಸ್ವತಿ ಇದ್ದಾಳೆ, ನಿಜ. ಪರದೆ ಅವಳತ್ತ ತಿರುಗಿರುವುದಿಲ್ಲ.

ಬ್ರಾಂಚು ಹುಟ್ಟುವ ಬಗೆಯೂ ಸೊಗಸು. ಮೆಕ್ಯಾನಿಕಲ್‌ಗೆ ಲೇಥು ಬೇಕು, ಸಿವಿಲ್‌ಗೆ ಸರ್ವೆ ಉಪಕರಣ ಬೇಕು, ಅಷ್ಟೆಲ್ಲ ಕೊಂಡರೂ ಹುಡುಗರು ಬರುವುದಿಲ್ಲ. ಕಂಪ್ಯೂಟರಿಗಾದರೆ ಒಂದು ಹಾಲು, ಒಂದಷ್ಟು ಪ್ಲಗ್ ಪಾಯಿಂಟು ಸಾಕು. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಬ್ರಾಂಚಿಗಿಷ್ಟೇ ಸೀಟು ಎಂಬ ಮಿತಿಯನ್ನೂ ಎಐಸಿಟಿಇ 2024-25ರಿಂದ ತೆಗೆದುಹಾಕಿದೆ. ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಬಾಗಿಲಿಗೊಂದು ಬೋರ್ಡು. ಆ ಬಾಗಿಲಿನಿಂದ ಈ ಬಾಗಿಲಿಗೆ ಓಡುವ ಗೆಸ್ಟ್ ಲೆಕ್ಚರರ್ ಮಾತ್ರ ಒಬ್ಬರೇ. ಅವರ ಸಂಬಳದ ಮಿತಿಗೆ ಯಾರೂ ಕೈಹಾಕಿಲ್ಲ.

ಇಷ್ಟು ಸುರಿದು ಡಿಗ್ರಿ ತಂದವನನ್ನು ಸರ್ಕಾರ ನಡುನೀರಿನಲ್ಲಿ ಬಿಡುವುದಿಲ್ಲ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷ. ಒಟ್ಟು 72,000. ಕ್ಯಾಲ್ಕುಲೇಟರಿನಲ್ಲಿ ಕಂಡ ಸಂಖ್ಯೆಗೆ ಇದು ಬಡ್ಡಿಯೂ ಅಲ್ಲ, ಆದರೂ ಬಂದದ್ದು ಬಂತು. ಷರತ್ತು ಒಂದಿದೆ: ಮುಂದೆ ಓದಲು ಸೇರಿದರೆ ಹಣ ಸಿಗದು. ಎಂ.ಟೆಕ್ ಮಾಡುತ್ತೇನೆಂದು ಹೊರಟ ಪಕ್ಕದ ಮನೆ ಹುಡುಗನಿಗೆ ಅವರಪ್ಪ, 'ಎರಡು ವರ್ಷ ತಡಿಯಪ್ಪಾ' ಎಂದಿದ್ದಾರಂತೆ.