ಕೈ ತೊಳೆದರೂ ಪಾಯಿಂಟ್

ಇದೇನೂ ಕಡ್ಡಾಯವಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದಲ್ಲಿ ಮಕ್ಕಳ ಡಾಕ್ಟರಾಗಿ ಕೂರಲು ರಾಜ್ಯ ಸರ್ಕಾರದ ಲೈಸೆನ್ಸ್ ಒಂದಿದ್ದರೆ ಸಾಕು. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿರುವ ಅಮೆರಿಕನ್ ಬೋರ್ಡ್ ಆಫ್ ಪೀಡಿಯಾಟ್ರಿಕ್ಸ್‌ನ ಸರ್ಟಿಫಿಕೇಟ್ ಬೇಕೇಬೇಕೆಂದು ಕಾನೂನು ಹೇಳುವುದಿಲ್ಲ, ಬೋರ್ಡೂ ಹೇಳುವುದಿಲ್ಲ. 1933ರಲ್ಲಿ ಹುಟ್ಟಿದ ಈ ಸಂಸ್ಥೆ ಇಷ್ಟವಿದ್ದವರು ಮಾತ್ರ ಬನ್ನಿ ಎಂದು ಕೈಮುಗಿದು ನಿಂತಿದೆ. ಸರ್ಟಿಫಿಕೇಟ್ ಇಲ್ಲದವರನ್ನು ಆಸ್ಪತ್ರೆಗಳು ಸಾಮಾನ್ಯವಾಗಿ ವಾರ್ಡಿನೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ವಿಮಾ ಕಂಪನಿಗಳು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲು ತಕರಾರು ತೆಗೆಯುತ್ತವೆ, ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಈ ಪೂಜಾರಿಯ ಮುಂದೆ ಸಾಲು ನಿಂತವರಲ್ಲಿ ನಮ್ಮವರೂ ಬೇಕಾದಷ್ಟಿದ್ದಾರೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂಬಿಬಿಎಸ್, ಆಮೇಲೆ ಎಂಡಿ, ಆಮೇಲೆ ವಿಮಾನ. ಯುಎಸ್‌ಎಂಎಲ್‌ಇ ಎಂಬ ಸರಣಿ ಪರೀಕ್ಷೆ ದಾಟಿ, ಊರಿನ ಎಂಡಿಯನ್ನು ಟ್ರಂಕಿನಲ್ಲಿಟ್ಟು ಅ ಆ ಇ ಈಯಿಂದ ಮೂರು ವರ್ಷ ರೆಸಿಡೆನ್ಸಿ ಮಾಡಿ, ಕೊನೆಗೆ ಬೋರ್ಡ್ ಪರೀಕ್ಷೆ. ಪಾಸಾದ ದಿನ ಊರಿಗೆ ಫೋನ್ ಮಾಡಿ, ‘ಅಮ್ಮಾ, ಇನ್ನು ಪರೀಕ್ಷೆ ಎಲ್ಲಾ ಮುಗೀತು’ ಎನ್ನುತ್ತಾರೆ. ಪಾಪ, ಆ ಕ್ಷಣಕ್ಕೆ ಹಾಗೆ ನಂಬಿರುತ್ತಾರೆ.

ಒಮ್ಮೆ ಪಾಸಾದವರು ಪಾಸಾಗಿಯೇ ಉಳಿದಿದ್ದಾರೆಯೇ ಎಂದು ನೋಡುತ್ತಿರಲು ‘ಮೇಂಟೆನೆನ್ಸ್ ಆಫ್ ಸರ್ಟಿಫಿಕೇಶನ್’ ಎಂಬುದಿದೆ. ಅಲ್ಲಿನ ಡಾಕ್ಟರುಗಳ ಬಾಯಲ್ಲಿ ಅದು ಬರೀ ಎಂಒಸಿ. ಐದು ವರ್ಷದಲ್ಲಿ 100 ಪಾಯಿಂಟ್ ಗಳಿಸಬೇಕು. ಕನಿಷ್ಠ 40 ಓದಿನಿಂದ, ಕನಿಷ್ಠ 40 ‘ಗುಣಮಟ್ಟ ಸುಧಾರಣೆ’ಯಿಂದ, ಮಿಕ್ಕ 20 ಇದರಿಂದಲೋ ಅದರಿಂದಲೋ. ಶುಲ್ಕ ಐದು ವರ್ಷಕ್ಕೆ ಸಾವಿರ ಡಾಲರ್ ದಾಟುತ್ತದೆ. ಅಮೆರಿಕದ ತಜ್ಞ ವೈದ್ಯರಲ್ಲಿ ತೀರಾ ಕಡಿಮೆ ಸಂಬಳದವರ ಸಾಲಿಗೆ ಸೇರಿದವರು ಮಕ್ಕಳ ಡಾಕ್ಟರುಗಳು. ಇದ್ದುದರಲ್ಲಿ ಸಂಸಾರ ತೂಗಿಸುವ ಅಭ್ಯಾಸ ಅವರಿಗೆ ಇದ್ದೇ ಇದೆ.

ಗುಣಮಟ್ಟ ಸುಧಾರಣೆ ಎಂದಾಗ ಹೊಸ ಔಷಧಿ, ಹೊಸ ಶಸ್ತ್ರಚಿಕಿತ್ಸೆ ಎಂದೆಲ್ಲ ಊಹಿಸಿಕೊಳ್ಳಬೇಡಿ. ಬೋರ್ಡ್ ಸಿದ್ಧಪಡಿಸಿಕೊಟ್ಟ ಮಾದರಿಗಳಲ್ಲಿ ಒಂದು, ಕೈ ತೊಳೆಯುವುದು. ಹೌದು, ಹನ್ನೊಂದು ವರ್ಷ ಓದಿದವರು ಕೈ ತೊಳೆಯುವುದು. ಮಗುವನ್ನು ಮುಟ್ಟುವ ಮುಂಚೆ ಎಷ್ಟು ಸಲ ತೊಳೆದಿರಿ, ಎಷ್ಟು ಸಲ ಮರೆತಿರಿ ಎಂದು ಮೊದಲು ಲೆಕ್ಕ ತುಂಬಬೇಕು. ಆಮೇಲೆ ಒಂದು ‘ಬದಲಾವಣೆ’ ತರಬೇಕು. ಬಾಗಿಲ ಎಡಕ್ಕಿದ್ದ ಸ್ಯಾನಿಟೈಸರ್ ಬಾಟಲಿಯನ್ನು ಬಲಕ್ಕಿಡಬಹುದು, ಗೋಡೆಗೊಂದು ಕರಡಿ ಮರಿಯ ಚಿತ್ರ ಅಂಟಿಸಬಹುದು. ಮತ್ತೆ ಎಣಿಕೆ, ಮತ್ತೆ ಬದಲಾವಣೆ, ಮತ್ತೆ ಎಣಿಕೆ. ಗ್ರಾಫಿನ ಗೆರೆ ಮೇಲಕ್ಕೆ ಹತ್ತಲಿ ಎಂಬುದು ಗುರಿ. ಇಲ್ಲಿ ನಿಜವಾಗಿ ಕಷ್ಟಕ್ಕೆ ಸಿಕ್ಕುವವರು ಮೊದಲಿಂದಲೂ ಕೈ ತೊಳೆಯುತ್ತಲೇ ಬಂದವರು. ನೂರಕ್ಕೆ ನೂರರ ಮೇಲೆ ಗೆರೆ ಹತ್ತುವುದಾದರೂ ಎಲ್ಲಿಗೆ? ಅಂಥವರು ಮೊದಲ ತಿಂಗಳು ತುಸು ಕೊಳಕಾಗಿರುವುದು ಒಳ್ಳೆಯದು ಎಂದು ನನ್ನ ಉಚಿತ ಸಲಹೆ.

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಇದೇ ಕೆಲಸ ಮಾಡಿದ್ದ. ಕೈ ತೊಳೆಸಿದ, ಬಾಣಂತಿಯರ ಸಾವು ಎಣಿಸಿದ, ಸಾವು ಇಳಿದದ್ದನ್ನು ತೋರಿಸಿದ. ಸಹೋದ್ಯೋಗಿಗಳು ತಲೆಗೆ ಹಾಕಿಕೊಳ್ಳಲಿಲ್ಲ, ಆತ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಅಂಕಿಅಂಶವೆಲ್ಲ ಇತ್ತು, ಅಪ್‌ಲೋಡ್ ಮಾಡಲು ಪೋರ್ಟಲ್ ಇರಲಿಲ್ಲ.

ಇನ್ನು ಪರೀಕ್ಷೆ. ಹಿಂದೆ ಹತ್ತು ವರ್ಷಕ್ಕೊಮ್ಮೆ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಜೇಬು ಒಳಹೊರಗು ಮಾಡಿ ತೋರಿಸಿ, ಗಡಿಯಾರ ಬಿಚ್ಚಿಟ್ಟು ಕೂರಬೇಕಿತ್ತು. 2019ರಿಂದ ‘ಮೋಕಾ ಪೀಡ್ಸ್’ ಬಂದಿದೆ. ಮೂರು ತಿಂಗಳಿಗೆ 20 ಪ್ರಶ್ನೆ, ಒಂದೊಂದಕ್ಕೆ 5 ನಿಮಿಷ, ಮನೆಯಲ್ಲೇ ಪೈಜಾಮದಲ್ಲಿ ಕೂತು ಪುಸ್ತಕ ನೋಡಿಕೊಂಡೇ ಬರೆಯಬಹುದು. ಇದು ನಿಜಕ್ಕೂ ಸುಧಾರಣೆ, ವ್ಯಂಗ್ಯದ ಅಂಕಣಕಾರನಾದರೂ ಒಪ್ಪಿಕೊಳ್ಳಬೇಕು. ಆದರೆ ಒಬ್ಬ ಡಾಕ್ಟರಮ್ಮನನ್ನು ನೆನೆಸಿಕೊಳ್ಳಿ. ದಿನವಿಡೀ ಕಿವಿನೋವು, ಕೆಮ್ಮು, ಲಸಿಕೆ ಬೇಡವೆನ್ನುವ ಅಪ್ಪಂದಿರು. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದರೆ, ಮೂತ್ರ ಮೇಪಲ್ ಸಿರಪ್‌ನಂತೆ ಘಮಘಮಿಸುವ ಕೂಸಿನ ರಕ್ತದಲ್ಲಿ ಯಾವ ಅಮಿನೋ ಆಮ್ಲ ಹೆಚ್ಚಿದೆ ಎಂಬಂಥ ಪ್ರಶ್ನೆ. ಮೂಲೆಯಲ್ಲಿ ಗಡಿಯಾರ ಇಳಿಯುತ್ತಿರುತ್ತದೆ. ಪುಸ್ತಕ ತಿರುವಬಹುದು, ಗೂಗಲ್ ಮಾಡಬಹುದು, ಇನ್ನೊಬ್ಬ ಡಾಕ್ಟರನ್ನು ಮಾತ್ರ ಕೇಳುವಂತಿಲ್ಲ. ಕ್ಲಿನಿಕ್ಕಿನಲ್ಲಿ ಇಂಥ ಅನುಮಾನ ಬಂದರೆ ಒಳ್ಳೆಯ ಡಾಕ್ಟರ್ ಮೊದಲು ಮಾಡುವ ಕೆಲಸವೇ ಅದು, ಇಲ್ಲಿ ಅದಕ್ಕೆ ನಕಲು ಎಂದು ಹೆಸರು. ಉತ್ತರ ಒತ್ತಿದ ಮೇಲೆ ಬೋರ್ಡ್ ಕಕ್ಕುಲಾತಿಯಿಂದ ವಿಚಾರಿಸುತ್ತದೆ: ನಿಮ್ಮ ದಿನನಿತ್ಯದ ಕೆಲಸಕ್ಕೆ ಈ ಪ್ರಶ್ನೆ ಎಷ್ಟು ಪ್ರಸ್ತುತ?

ಈ ಕಟ್ಟುನಿಟ್ಟೆಲ್ಲ 1988ರಿಂದ ಈಚೆಗೆ ಸರ್ಟಿಫಿಕೇಟ್ ಪಡೆದವರಿಗೆ. ಅದಕ್ಕೂ ಹಿಂದಿನವರದು ಆಜೀವ. ಕಾಲ ಕಳೆದಂತೆ ಓದು ಹಳಸುತ್ತದೆ, ಆದ್ದರಿಂದ ಆಗಾಗ ಪರೀಕ್ಷಿಸಬೇಕು ಎಂಬುದು ಸಿದ್ಧಾಂತ. ಯಾರ ಓದು ಎಲ್ಲರಿಗಿಂತ ಹಳೆಯದೋ ಅವರನ್ನು ಪರೀಕ್ಷಿಸುವಂತಿಲ್ಲ ಎಂಬುದು ನಿಯಮ. ಆ ಹಿರಿಯರು ಓದಿದ ಕಾಲದಲ್ಲಿ ಕೂಸನ್ನು ಬೋರಲು ಮಲಗಿಸಿ ಎನ್ನುವುದು ವಾಡಿಕೆಯ ಸಲಹೆ. 1992ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅದು ಬೇಡ ಎಂದಿತು, 1994ರಲ್ಲಿ ‘ಬ್ಯಾಕ್ ಟು ಸ್ಲೀಪ್’ ಆಂದೋಲನ ಶುರುವಾಯಿತು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಪ್ರಮಾಣ ಹತ್ತು ವರ್ಷದೊಳಗೆ ಸುಮಾರು ಅರ್ಧಕ್ಕೆ ಇಳಿಯಿತು. ನಿನ್ನೆ ಬೋರಲು ಎಂದಿದ್ದ ಅದೇ ಡಾಕ್ಟರುಗಳು ಇವತ್ತು ಅಂಗಾತ ಎಂದು ತಾಯಂದಿರಿಗೆ ತಿದ್ದಿ ಹೇಳಿದರು. ಅವರಿಗೆ ಒಂದು ಪಾಯಿಂಟೂ ಸಿಗಲಿಲ್ಲ, ಗ್ರಾಫನ್ನು ಯಾರೂ ಕೇಳಲಿಲ್ಲ. ಪಾಯಿಂಟಿಲ್ಲದೆಯೂ ಡಾಕ್ಟರುಗಳು ಕಲಿಯುತ್ತಾರೆ ಎಂದಾದರೆ ಕಿರಿಯರಿಗೇಕೆ ಈ ಶಿಕ್ಷೆ? ಕಲಿಯುವುದಿಲ್ಲ ಎಂದಾದರೆ ಹಿರಿಯರ ಕೈಗೆ ಮಕ್ಕಳನ್ನೇಕೆ ಕೊಟ್ಟಿರಿ? ಅತ್ತ ದರಿ, ಇತ್ತ ಪುಲಿ. ನಡುವೆ ಬೋರ್ಡ್ ಶುಲ್ಕದ ರಸೀದಿ ಹರಿದುಕೊಡುತ್ತಿದೆ.

ಬೆಂಗಳೂರಿನಲ್ಲಿ ಕೂತು ನಗುವವರಿಗೂ ಒಂದು ಮಾತು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನವೀಕರಿಸಲು ಐದು ವರ್ಷಕ್ಕೆ 30 ಕ್ರೆಡಿಟ್ ಅವರ್ ತೋರಿಸಬೇಕು. ಹೋಟೆಲಿನ ತಣ್ಣನೆಯ ಹಾಲ್, ಪರದೆಯ ಮೇಲೆ ಸ್ಲೈಡ್, ಹಿಂದಿನ ಸಾಲಿನಲ್ಲಿ ತೂಕಡಿಕೆ, ಊಟಕ್ಕೆ ಮೊದಲು ಸಹಿ. ವಿಧಾನ ಬೇರೆ ಇರಬಹುದು, ಆದರೆ ನಮ್ಮದರಲ್ಲಿ ಹೋಳಿಗೆಯಾದರೂ ಸಿಗುತ್ತದೆ.

ಅಮೆರಿಕದಲ್ಲಿ ಬಂಡಾಯವೂ ಆಯಿತೆನ್ನಿ. ದೊಡ್ಡವರ ಕಾಯಿಲೆ ನೋಡುವ ಡಾಕ್ಟರುಗಳ ಮಂಡಳಿ, ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್, 2015ರ ಫೆಬ್ರುವರಿಯಲ್ಲಿ ನಮ್ಮಿಂದ ತಪ್ಪಾಯಿತು ಎಂದು ಬಹಿರಂಗವಾಗಿ ಕ್ಷಮೆ ಕೇಳಿತು. ಅದರ ಪ್ರತಿಷ್ಠಾನ 2007ರಲ್ಲಿ ಫಿಲಡೆಲ್ಫಿಯಾದಲ್ಲಿ 23 ಲಕ್ಷ ಡಾಲರಿನ ಭರ್ಜರಿ ಫ್ಲಾಟ್ ಕೊಂಡಿದ್ದು ಸದಸ್ಯರ ಬಾಯಿಗೆ ಬಿದ್ದಿತ್ತು. 2016ರಲ್ಲಿ ಒಕ್ಲಹೋಮ ರಾಜ್ಯ ಎಂಒಸಿಗೆ ಮೂಗುದಾರ ಹಾಕಲು ಕಾನೂನನ್ನೇ ತಂದಿತು. ಕ್ಯಾಲಿಫೋರ್ನಿಯಾದ ಹೃದ್ರೋಗ ತಜ್ಞ ಪಾಲ್ ಟೀರ್‌ಸ್ಟೀನ್ ಮತ್ತು ಸಂಗಡಿಗರು, ಈ ಸರ್ಟಿಫಿಕೇಟುಗಳ ಕಾಟ ಸಾಕಪ್ಪಾ ಸಾಕು ಎಂದು 2015ರಲ್ಲಿ ಕ್ರಾಂತಿಗೇ ಇಳಿದರು. ಕ್ರಾಂತಿಯ ಫಲವಾಗಿ ಇನ್ನೊಂದು ಬೋರ್ಡ್ ಹುಟ್ಟಿತು. ಅದೂ ಸರ್ಟಿಫಿಕೇಟ್ ಕೊಡುತ್ತದೆ. ಮೊದಲು ಹಳೆಯ ಬೋರ್ಡಿನ ಪರೀಕ್ಷೆ ಪಾಸಾಗಿರಬೇಕು, ಶುಲ್ಕ ಕಟ್ಟಬೇಕು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು.