ಒಂದೇ ರೈಲು, ಎರಡು ಸಂಸಾರ

ಫ್ರಾಂಕ್‌ಫರ್ಟಿಗೆ ಬಂದಿಳಿದ ರಾಯರ ಫೋನಿನಲ್ಲಿ ಮಗನ ಸಂದೇಶ ಕಾದಿತ್ತು: ‘ತುಂಬಾ ಸುಲಭ ಅಪ್ಪ. ಬೋರ್ಡ್ ನೋಡ್ಕೊಂಡು ರೈಲು ಹತ್ತಿಬಿಡಿ. ಸ್ಟುಟ್‌ಗಾರ್ಟ್‌ನಲ್ಲಿ ನಾನಿರ್ತೀನಿ.’ ಪರದೇಶದಲ್ಲಿರುವ ಮಕ್ಕಳಿಗೆಲ್ಲ ಎಲ್ಲವೂ ಸುಲಭ. ರಾಯರು ಗುರ್ರೆಂದದ್ದು ಅದಕ್ಕಲ್ಲ, ರೈಲಿನ ಬಗ್ಗೆ ತಮಗೇ ಪಾಠ ಹೇಳಲು ಬಂದನಲ್ಲ ಎಂದು. ಅರಸೀಕೆರೆಯಲ್ಲಿ ಯಾವ ಬೋಗಿ ಯಾವ ಕಂಬದೆದುರು ನಿಲ್ಲುತ್ತದೆ ಎಂಬುದನ್ನು ಕಣ್ಣುಮುಚ್ಚಿ ಹೇಳಬಲ್ಲ ಮನುಷ್ಯ ಅವರು.

ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣಕ್ಕೆ ಒಂದಲ್ಲ, ಎರಡು ರೈಲು ನಿಲ್ದಾಣ. ಮೊದಲನೇ ಟರ್ಮಿನಲ್ಲಿನ ಕೆಳಗಿರುವುದು 1972ರದು, ಲೋಕಲ್ ಗಾಡಿಗಳಿಗೆ. ದೂರದೂರಿನ ಗಾಡಿಗಳಿಗೆಂದು 1999ರಲ್ಲಿ ಕಟ್ಟಿದ್ದು ಬೇರೆ, ಅದಕ್ಕೆ ಸೇತುವೆ ದಾಟಿ ಹೋಗಬೇಕು. ರಾಯರು ಸಹಜವಾಗಿ ಮೊದಲನೆಯದಕ್ಕೇ ಇಳಿದರು, ಮತ್ತೆ ಹತ್ತಿದರು. ಹತ್ತುವಾಗ ಬೆಂಗಳೂರನ್ನು ಬೈದರು. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ, ಅದರ ಪಕ್ಕ ಒಂದು ಪುಟ್ಟ ಹಾಲ್ಟ್ ಸ್ಟೇಷನ್ ಬಂದದ್ದು 2021ರಲ್ಲಿ. ಅದೂ ಟರ್ಮಿನಲ್ಲಿಗೆ ನಡೆದು ಹೋಗುವಷ್ಟು ಹತ್ತಿರವಲ್ಲ. ‘ಹದಿಮೂರು ವರ್ಷ!’ ಎಂದರು. ‘ಮೊದಲು ಈ ಬ್ಯಾಗ್ ಹಿಡೀರಿ’ ಎಂದರು ಅವರಾಕೆ.

ಪ್ಲಾಟ್‌ಫಾರ್ಮಿನಲ್ಲಿ ಗೇಟಿಲ್ಲ, ಟಿಕೆಟ್ ಕೇಳುವವರಿಲ್ಲ. ಉದ್ದಕ್ಕೂ ಎ, ಬಿ, ಸಿ ಎಂದು ಫಲಕ ತೂಗುಹಾಕಿದ್ದರು. ತಮ್ಮ 24ನೇ ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ನೋಡಿಟ್ಟುಕೊಂಡಿದ್ದ ರಾಯರು ಆ ಅಕ್ಷರದ ಕೆಳಗೆ ಸೂಟ್‌ಕೇಸ್ ಊರಿ, ಯುದ್ಧ ಗೆದ್ದವರಂತೆ ನಿಂತರು. ಅಷ್ಟರಲ್ಲಿ ಧ್ವನಿವರ್ಧಕ ಏನೋ ಗೊಣಗಿತು. ಕೂತವರೆಲ್ಲ ಎದ್ದರು. ಈ ಕೊನೆಯವರು ಆ ಕೊನೆಗೆ, ಆ ಕೊನೆಯವರು ಈ ಕೊನೆಗೆ, ಒಬ್ಬರ ಮುಖ ಒಬ್ಬರು ನೋಡದೆ ಬಿರಬಿರನೆ ನಡೆದರು. ಬೋಗಿಗಳ ಕ್ರಮ ಇವತ್ತು ತಲೆಕೆಳಗು ಎಂಬುದೇ ಆ ಗೊಣಗಾಟದ ಸಾರ. ಜರ್ಮನಿಯಲ್ಲಿ ಇದೇನೂ ಅಪರೂಪವಲ್ಲ.

‘ರೀ, ಎಲ್ಲಾರೂ ಆ ಕಡೆ ಹೋಗ್ತಿದಾರೆ.’

‘ಸುಮ್ನಿರೇ, ಜನ ಹೋದಲ್ಲಿಗೆಲ್ಲ ಹೋಗೋಕೆ ಇದೇನು ಜಾತ್ರೆಯೇ?’

ಅವರಾಕೆ ಸುಮ್ಮನಿರಲಿಲ್ಲ. ಚಟ್ನಿಪುಡಿಯ ಬ್ಯಾಗಿಗೆ ಕೈ ಕೊಟ್ಟ ಹುಡುಗಿಯೊಬ್ಬಳ ಹಿಂದೆ ಹೊರಟೇಬಿಟ್ಟರು. ರೈಲು ಬಂತು. ರಾಯರು ಗಾಬರಿಯಾಗಲಿಲ್ಲ. ನಿಂತಲ್ಲೇ ಹತ್ತಿದರು. ಎಲ್ಲಿ ಹತ್ತಿದರೇನು, ವೆಸ್ಟಿಬ್ಯೂಲ್ ದಾಟುತ್ತ ಒಳಗೊಳಗೇ ಹೋದರಾಯಿತು! ಅರಸೀಕೆರೆಯಲ್ಲಿ ಕಲಿತ ವಿದ್ಯೆ ಅದು. ಸೂಟ್‌ಕೇಸನ್ನು ಜನರ ಮೊಣಕಾಲಿಗೆ ತಾಗಿಸುತ್ತ, ‘ಸಾರಿ, ಸಾರಿ’ ಎನ್ನುತ್ತ, ಊಟದ ಬೋಗಿಯಲ್ಲಿ ಒಬ್ಬರ ಕಾಫಿಯನ್ನು ಕೂದಲೆಳೆಯಲ್ಲಿ ಉಳಿಸುತ್ತ ಬೋಗಿಯಿಂದ ಬೋಗಿಗೆ ನಡೆದರು. ಕೊನೆಗೆ ಗಾಜಿನ ಗೋಡೆಯೊಂದು ಅಡ್ಡ ಬಂತು. ಅದರಾಚೆ ಚಾಲಕನ ಖಾಲಿ ಕುರ್ಚಿ. ಅದರಾಚೆ ಇನ್ನೊಂದು ರೈಲಿನ ಚೂಪು ಮೂತಿ.

ಸುಮಾರು 200 ಮೀಟರ್ ಉದ್ದದ, ಎಂಟು ಬೋಗಿಯ ಐಸಿಇ ಎಂಬ ವೇಗದ ಗಾಡಿಗಳು ಎರಡನ್ನು ಮೂತಿಗೆ ಮೂತಿ ಸೇರಿಸಿ ಓಡಿಸುತ್ತಾರೆ. ನಡುವೆ ದಾರಿಯಿಲ್ಲ. ರಾಯರು ಗಾಜನ್ನು ಮುಟ್ಟಿದರು. ಪಕ್ಕದ ಬಾಗಿಲಿನ ಹಿಡಿ ಎಳೆದರು. ಗಾಜಿಗೆ ಹಣೆ ಹಚ್ಚಿ, ಕೈಯಡ್ಡ ಹಿಡಿದು ಇಣುಕಿದರು. ಕೂತಿದ್ದ ಮಗುವೊಂದು ತಾನೂ ಬಂದು ಹಾಗೆಯೇ ಇಣುಕಿತು.

ಮುಂದಿನ ನಿಲ್ದಾಣ ಮಾನ್‌ಹೈಮ್, ಅರ್ಧ ಗಂಟೆ. ಟಿಕೆಟ್ ರಾಯರ ಫೋನಿನಲ್ಲಿ, ಮಗನ ವಿಳಾಸವೂ ಅದರಲ್ಲೇ, ಪಾಸ್‌ಪೋರ್ಟ್ ಎರಡೂ ಅವರ ಜೇಬಿನಲ್ಲಿ. ಅವರಾಕೆಯ ಫೋನಿಗೆ ಹೊರದೇಶದ ಪ್ಯಾಕ್ ದಂಡ ಎಂದು ತೀರ್ಮಾನಿಸಿದ್ದೂ ಅವರೇ. ಬ್ಯಾಂಕಿನ ಪುಸ್ತಕದಿಂದ ಹಿಡಿದು ಗ್ಯಾಸ್ ಚೀಟಿಯವರೆಗೆ ‘ನಿನಗ್ಯಾಕೆ, ನಾನಿಲ್ವಾ?’ ಎನ್ನುತ್ತ ಬಂದ ಮನುಷ್ಯನಿಗೆ, ತಾನಿಲ್ಲದ ಬೋಗಿಯಲ್ಲಿ ಆಕೆಯ ಬಳಿ ಏನಿದೆ ಎಂದು ಲೆಕ್ಕ ಹಾಕಿದಾಗ ಚಟ್ನಿಪುಡಿಯೊಂದೇ ಸಿಕ್ಕಿತು. ಗಂಟಲು ಒಣಗಿತು.

ಮಾನ್‌ಹೈಮಿನಲ್ಲಿ ಆ ವಯಸ್ಸಿನವರು ಓಡಬಾರದ ಓಟ ಓಡಿ, ಇನ್ನರ್ಧ ರೈಲು ಸೇರಿದರು. ಅವರಾಕೆ 24ರಲ್ಲಿ, ತಮ್ಮದೇ ಸೀಟಿನಲ್ಲಿ, ಕಿಟಕಿ ಪಕ್ಕ ಕೂತಿದ್ದರು. ಎದುರಿನ ಹುಡುಗಿಯ ಕೈಯಲ್ಲಿ ಅರ್ಧ ಕೋಡುಬಳೆ.

‘ಟಿಕೆಟ್ ಕೇಳ್ದ. ನಮ್ಮನೆಯವರ ಹತ್ರ ಇದೆ, ಅವರು ಕಳೆದುಹೋಗಿದಾರೆ ಅಂದೆ. ಈ ಹುಡುಗಿ ಅದೇನು ಹೇಳಿದ್ಲೋ, ನಕ್ಕು ಹೋದ.’

ರೈಲು ಸ್ಟುಟ್‌ಗಾರ್ಟ್ ತಲುಪಿದ್ದು ಐದು ನಿಮಿಷ ತಡವಾಗಿ. ರಾಯರಿಗೆ ಜೀವ ಬಂತು. ‘ಇದೇನೋ ನಿನ್ನ ಜರ್ಮನಿ?’ ಮಗ ಸಮಾಧಾನದಿಂದ ವಿವರಿಸಿದ: ಆರು ನಿಮಿಷದೊಳಗೆ ಬಂದರೆ ಇಲ್ಲಿ ಅದು ತಡವೇ ಅಲ್ಲ. ಆ ಲೆಕ್ಕದಲ್ಲೂ 2024ರಲ್ಲಿ ದೂರದ ರೈಲುಗಳ ಪೈಕಿ ಸಮಯಕ್ಕೆ ಬಂದದ್ದು ಶೇ. 62.5 ಮಾತ್ರ. ಇಷ್ಟು ಒಳ್ಳೆಯ ಅಂಕಿ ಅಂಶ ರಾಯರಿಗೆ ಈಚೆಗೆ ಸಿಕ್ಕಿರಲಿಲ್ಲ. ವಾಕಿಂಗ್ ಗೆಳೆಯರ ಗುಂಪಿಗೆ ಕಳಿಸಲು ಅಲ್ಲೇ ನಿಂತು ಟೈಪ್ ಮಾಡತೊಡಗಿದರು.

ಅವರಾಕೆ ಮಗನ ತೋಳು ಹಿಡಿದು ಮುಂದೆ ನಡೆಯುತ್ತ ಕೇಳುತ್ತಿದ್ದರು: ‘ಇಲ್ಲಿ ಸಿಮ್ಮು ಎಲ್ಲಿ ಸಿಗುತ್ತೋ? ವಾಪಸ್ ಹೋಗೋ ಟಿಕೆಟ್ ನನ್ನ ಫೋನಿಗೆ ಹಾಕು. ಅವರದ್ದೂ ನನ್ನ ಹತ್ರಾನೇ ಇರಲಿ.’