ಅಶ್ವಶಕ್ತಿ ಜಿಜ್ಞಾಸೆ

ಥಂಡರ್‌ಬರ್ಡ್ 350ರ ಬ್ಲಾಕ್ ಬಿಚ್ಚಿಸಿ 500 ಸಿಸಿ ಮಾಡಿಸಬೇಕೇ, ಬೇಡವೇ ಎಂಬ ಗಹನ ಪ್ರಶ್ನೆಯನ್ನು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಮುಂದೆ, ಬೈಟು ಟೀ ಕುಡಿಯುತ್ತ, ಯಾವ ಶಾಸ್ತ್ರಶುದ್ಧಿಯೂ ಇಲ್ಲದೆ ಚರ್ಚಿಸಿಕೊಂಡು ಬರಲಾಗಿದೆ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಪ್ರಯೋಜನ. ವಿಷಯ, ಪಿಸ್ಟನ್ನು. ಅಧಿಕಾರಿ ಯಾರೆಂದರೆ, ಬೈಕಿನ ಸಾಲದ ಕಂತು ಮುಗಿದು, ವಾರಂಟಿಯೂ ಮುಗಿದು, ಫ್ಲೈಓವರಿನ ಏರಿನಲ್ಲಿ ಸ್ಕೂಟರೊಂದು ತನ್ನನ್ನು ದಾಟಿ ಹೋದದ್ದನ್ನು ಕಣ್ಣಾರೆ ಕಂಡವನು. ಈ ಮೂರನೆಯ ಲಕ್ಷಣ ಇಲ್ಲದವನಿಗೆ ಜಿಜ್ಞಾಸೆ ಹುಟ್ಟುವುದಿಲ್ಲ. ಅವನು ಆಯಿಲ್ ಬದಲಿಸಿಕೊಂಡು ಸುಖವಾಗಿರುತ್ತಾನೆ.

ಪೂರ್ವಪಕ್ಷವನ್ನು ಮೆಕ್ಯಾನಿಕ್ ಮಂಡಿಸುತ್ತಾನೆ: "ಸ್ಟ್ರೋಕ್ ಎರಡಕ್ಕೂ ಒಂದೇ ಸಾರ್, ಬೋರ್ ಮಾತ್ರ ಬೇರೆ." ಸುಳ್ಳಲ್ಲ. 350ರ ಪಿಸ್ಟನ್ನು 70 ಮಿ.ಮೀ. ಅಗಲ, 500ರದು 84. ಎರಡೂ ಏರಿಳಿಯುವುದು 90 ಮಿ.ಮೀ. ಹಾಗಾಗಿ ಅಲ್ಲಿ 346 ಸಿಸಿ, ಇಲ್ಲಿ 499. ಶಕ್ತಿ 19.8ರಿಂದ 27.2 ಬಿಎಚ್‌ಪಿಗೆ, ಟಾರ್ಕ್ 28ರಿಂದ 41.3 ನ್ಯೂಟನ್ ಮೀಟರಿಗೆ. 87 ಮಿ.ಮೀ. ಪಿಸ್ಟನ್ನು ಕೂರಿಸಿ ಕಾಂಟಿನೆಂಟಲ್ ಜಿಟಿಯಂತೆ 535ಕ್ಕೇ ಹೋಗಬೇಕೆನ್ನುವ ಉಗ್ರಪಂಥವೂ ಒಂದುಂಟು. ಅವರ ಮತವನ್ನು ಇಲ್ಲಿ ಪರಿಶೀಲಿಸಿಲ್ಲ, ಸೈಲೆನ್ಸರಿನ ಸದ್ದಿನಲ್ಲಿ ಅವರ ವಾದ ಕೇಳಿಸುವುದಿಲ್ಲ.

ಇನ್ನು ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬುದು ತರ್ಕದ ಮೊದಲ ಪಾಠ. ಬೆಟ್ಟವಿದ್ದಲ್ಲಿ ಸೈಲೆನ್ಸರ್ ಇಟ್ಟು ನೋಡಿ. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿರಬಹುದು. ಕಪ್ಪಾದರೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಪಿಕಪ್ ಇಲ್ಲ ಎಂದು ಕೊರಗುವ ಎಷ್ಟೋ ಜಿಜ್ಞಾಸುಗಳ ಗಾಡಿಯಲ್ಲಿ ಕಂಪನಿ ಕೊಟ್ಟ ಹತ್ತೊಂಬತ್ತು ಚಿಲ್ಲರೆ ಕುದುರೆಗಳ ಪೈಕಿ ನಾಲ್ಕೈದು ಲಾಯದಲ್ಲೇ ಮಲಗಿರುತ್ತವೆ. ಹೊಸ ಕುದುರೆ ಕೊಳ್ಳುವುದಕ್ಕಿಂತ ಮಲಗಿದ್ದನ್ನು ಎಬ್ಬಿಸುವುದು ಅಗ್ಗ.

ದೋಷವಿಚಾರ ಸ್ವಲ್ಪ ದೀರ್ಘ. ಬ್ಲಾಕ್ ದೊಡ್ಡದಾದರೆ ಹೆಡ್ ಅದಕ್ಕೆ ಹೊಂದಬೇಕು. ಹೆಡ್ ಹೊಂದಿದರೆ ಕಾರ್ಬ್ಯುರೇಟರಿನ ಜೆಟ್ ಸಾಲದು (ಅಸಲಿ ಥಂಡರ್‌ಬರ್ಡ್ 500ಕ್ಕೆ ಕಾರ್ಬ್ಯುರೇಟರೇ ಇಲ್ಲ, ಅದು ಇಂಜೆಕ್ಷನ್ ಗಾಡಿ). ಪೆಟ್ರೋಲ್ ಹೆಚ್ಚು ಉರಿದರೆ ಬಿಸಿಯೂ ಹೆಚ್ಚು; ಆರಿಸಲು ಇರುವುದು ಎದುರುಗಾಳಿಯೊಂದೇ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದೂ ಇಲ್ಲ. ಟಾರ್ಕ್ ಏರಿದರೆ ಕ್ಲಚ್ ಪ್ಲೇಟ್ ಜಾರುತ್ತದೆ, ಕ್ಲಚ್ ಗಟ್ಟಿಯಾದರೆ ಚೈನು ಸೋಲುತ್ತದೆ, ಚೈನೂ ಗೆದ್ದರೆ ಬ್ರೇಕಿನ ಚಿಂತೆ. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಕೊನೆಯಿಲ್ಲದೆ ಸಾಗುವ ಇದನ್ನು ನೈಯಾಯಿಕರು ಅನವಸ್ಥಾ ದೋಷ ಎಂದರು. ಗ್ಯಾರೇಜಿನವರು ಎಸ್ಟಿಮೇಟ್ ಎನ್ನುತ್ತಾರೆ.

ಫಲವೇನು? ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಆದ್ದರಿಂದ ಶಕ್ತಿ ಶೇ. 37ರಷ್ಟು ಕೂಡಿದರೂ ಗರಿಷ್ಠ ವೇಗ ಕೂಡುವುದು ಶೇ. 11ರ ಆಸುಪಾಸು. ಗಂಟೆಗೆ 110 ಕಿ.ಮೀ. ಓಡುವ ಗಾಡಿ 122 ಓಡೀತು. ಕೇಂದ್ರ ಸರ್ಕಾರ 2018ರಲ್ಲಿ ಬೈಕುಗಳಿಗೆ ಹಾಕಿದ ಮಿತಿ ನಾಲ್ಕು ಪಥದ ಹೆದ್ದಾರಿಯಲ್ಲೂ 80. ಅಂದರೆ ಹಳೆಯ ಎಂಜಿನ್ನಿನಲ್ಲೇ 30 ಕಿ.ಮೀ. ದಾಸ್ತಾನಿದೆ. ಹಿಂದೆ ಒಬ್ಬರನ್ನೂ ಎರಡು ಬ್ಯಾಗನ್ನೂ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವವನಿಗೆ ಟಾರ್ಕ್ ಬೇಕು, ಒಪ್ಪಿದೆ. ಒಂದು ಗೇರ್ ಇಳಿಸಿದರೆ ಹಿಂದಿನ ಚಕ್ರಕ್ಕೆ ಅದು ಬಿಟ್ಟಿಯಾಗಿ ಸಿಗುತ್ತದೆ.

ಅನುಪಲಬ್ಧಿಯೆಂಬ ಪ್ರಮಾಣವನ್ನೂ ಬಿಡುವಂತಿಲ್ಲ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸಂಪಾದಿಸಿದ ಅಶ್ವಶಕ್ತಿಯನ್ನು ಸರ್ವಿಸ್ ರಸ್ತೆಯಲ್ಲಿ, ಎಳನೀರಿನ ಟೆಂಪೋ ಹಿಂದೆ, ಪ್ರಯೋಗಿಸಬಹುದು.

ಕೊನೆಗೆ ಆಗಮ. ಗಾಡಿಯ ವಿವರ ಕಂಪನಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಅದಕ್ಕೆ 2019ರಲ್ಲಿ ಸುಪ್ರೀಂ ಕೋರ್ಟಿನ ಬಿಗಿ ವ್ಯಾಖ್ಯಾನವೂ ಬಂತು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಆರ್‌ಸಿಯಲ್ಲಿ 346, ಎಂಜಿನ್ನಿನಲ್ಲಿ 499 ಇದ್ದಾಗ ಎರಡೂ ಒಂದೇ ಎಂದು ಒಪ್ಪುವ ಅದ್ವೈತಿ ವಿಮಾ ಸರ್ವೇಯರುಗಳಲ್ಲಿ ಸಿಗುವುದು ಕಷ್ಟ.

ಸಿದ್ಧಾಂತ: 350 ಅನ್ನು 350 ಆಗಿಯೇ ಬಿಡತಕ್ಕದ್ದು. ಮೊದಲು ಏರ್ ಫಿಲ್ಟರ್, ಪ್ಲಗ್, ಚೈನು ನೋಡಿಸಿ. ಆಮೇಲೂ ಆಸೆ ಅಡಗದಿದ್ದರೆ, 2020ರಲ್ಲಿ ತಯಾರಿಕೆ ನಿಂತ ಥಂಡರ್‌ಬರ್ಡ್ 500 ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತದೆ. ಕೊಂಡ ಮೇಲೆ ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.